ನಕ್ಷೆಗೊಂದು ನ್ಯಾಯ, ಬೀಚಿಗೊಂದು ನ್ಯಾಯ

2009ರಲ್ಲಿ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಇಸ್ರೇಲ್ ಪ್ರವಾಸೋದ್ಯಮದ ಪೋಸ್ಟರ್ ಕಾಣಿಸಿಕೊಂಡಿತು. ಅದರ ನಕ್ಷೆಯಲ್ಲಿ ವಿವಾದದಲ್ಲಿರುವ ಪಶ್ಚಿಮ ದಂಡೆ, ಗಾಜಾ, ಗೋಲನ್ ಹೈಟ್ಸ್ ಎಲ್ಲವೂ ಇಸ್ರೇಲಿನದೇ ಎಂಬಂತಿತ್ತು. ದೂರುಗಳು ಬಂದವು, ಪೋಸ್ಟರ್ ಇಳಿಯಿತು. ಇದು ಜನರ ದಾರಿತಪ್ಪಿಸುತ್ತದೆ ಎಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಕರೂ ಹೇಳಿದರು. ತೀರ್ಪೇನೋ ಸರಿ. ಆದರೆ ಈ ಅಳತೆಗೋಲು ಎಲ್ಲರಿಗೂ ಒಂದೇ ಇದೆಯೇ? 2018ರ ನವೆಂಬರ್‌ನಲ್ಲಿ, ಪ್ರವಾಸಿಗರಿಗೆ ಬಾಡಿಗೆ ಮನೆ ಒದಗಿಸುವ ಏರ್‌ಬಿಎನ್‌ಬಿ ಕಂಪನಿ ಪಶ್ಚಿಮ ದಂಡೆಯ ಇಸ್ರೇಲಿ ವಸಾಹತುಗಳಲ್ಲಿನ ಸುಮಾರು 200 ಮನೆಗಳನ್ನು ಪಟ್ಟಿಯಿಂದ ಕೈಬಿಡುವುದಾಗಿ ಸಾರಿತು. ಮೊರಾಕ್ಕೊ ಹಿಡಿತದಲ್ಲಿರುವ ಪಶ್ಚಿಮ ಸಹಾರಾ, ಟರ್ಕಿಯ ಸೇನೆ ಬೀಡುಬಿಟ್ಟಿರುವ ಉತ್ತರ ಸೈಪ್ರಸ್ ಮಾತ್ರ ಪಟ್ಟಿಯಲ್ಲಿ ಹಾಗೇ ಉಳಿದವು. ಮೊಕದ್ದಮೆಗಳು ಬಿದ್ದ ಮೇಲೆ, 2019ರ ಏಪ್ರಿಲ್‌ನಲ್ಲಿ ಆ ನಿರ್ಧಾರವೂ ವಾಪಸಾಯಿತು.

ಒಂದೊಂದು ವಿವಾದದ ಕಾನೂನು ಒಂದೊಂದು ಥರ ಎನ್ನುವವರಿದ್ದಾರೆ. ನಿಜ. ಆದರೆ ಪ್ರವಾಸಿಗೆ ಗೊತ್ತಿರಬೇಕಾದ ವಿಷಯ ಎಲ್ಲ ಕಡೆಯೂ ಒಂದೇ: ಅಲ್ಲಿ ಆಳುವವರು ಯಾರು, ಯಾವ ಗಡಿ ದಾಟಬೇಕು, ತೊಂದರೆಯಾದರೆ ನಮ್ಮ ರಾಯಭಾರ ಕಚೇರಿ ನೆರವಿಗೆ ಬರಬಲ್ಲದೇ. ಉತ್ತರ ಸೈಪ್ರಸ್ಸನ್ನು ಟರ್ಕಿ ಬಿಟ್ಟರೆ ಬೇರಾವ ದೇಶವೂ ಮಾನ್ಯ ಮಾಡಿಲ್ಲ. ಅದನ್ನು ಮುಚ್ಚಿಟ್ಟು ಜಾಹೀರಾತಿನಲ್ಲಿ ತೋರಿಸುವ ಅಲ್ಲಿನ ಬೀಚಿನ ಫೋಟೊವೂ ಆ ನಕ್ಷೆಯಷ್ಟೇ ದಾರಿತಪ್ಪಿಸುತ್ತದೆ. ಹಾಗೆಂದು ಒಬ್ಬರ ತಪ್ಪು ತೋರಿಸಿ ಇನ್ನೊಬ್ಬರ ತಪ್ಪನ್ನು ಮನ್ನಿಸಬೇಕಿಲ್ಲ. ಜಾಹೀರಾತು ಇರಲಿ, ಈ ಜಾಗ ವಿವಾದದಲ್ಲಿದೆ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆಯುವ ನಿಯಮ ಎಲ್ಲ ದೇಶಗಳಿಗೂ, ಎಲ್ಲ ಕಂಪನಿಗಳಿಗೂ ಒಂದೇ ಆಗಲಿ.