ಉಪವಾಸ ಬಿದ್ದ ಬ್ಯಾಟರಿ

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಬರುವ ಲಾರಿ ಚಾಲಕನಿಗೆ ಕ್ಯಾಬಿನ್ನೇ ಮನೆ. ಟೆಂಡರ್ ಮುಗಿದು, ತೂಕವಾಗಿ, ಚೀಲ ಏರುವ ತನಕ ಫ್ಯಾನು, ದೀಪ, ಟೇಪು, ಮೊಬೈಲ್ ಚಾರ್ಜರ್ ಎಲ್ಲವೂ ನಿಂತ ಗಾಡಿಯ ಬ್ಯಾಟರಿಯ ಮೇಲೆಯೇ ನಡೆಯಬೇಕು. ಪ್ರವಾಸಕ್ಕೆಂದು ಹಾಸಿಗೆ, ಒಲೆ ಕೂರಿಸಿಕೊಂಡ ಕ್ಯಾರವಾನ್‌ಗಳಿಗೂ ಇದೇ ಪಾಡು. ಬೆಳಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ ಎತ್ತುವುದಿಲ್ಲ. ಸುತ್ತ ನೆರೆದವರ ತೀರ್ಪು ಒಂದೇ: ಬ್ಯಾಟರಿ ಹೋಯಿತು, ಹೊಸದು ಹಾಕಿಸಿ. ಬಹಳ ಸಲ ಇದು ಅವಸರದ ತೀರ್ಪು. ಬ್ಯಾಟರಿ ಕೆಟ್ಟಿದೆ ಅನ್ನುವ ಮೊದಲು ಅದಕ್ಕೆ ಹೊಟ್ಟೆ ತುಂಬ ಕರೆಂಟ್ ಸಿಗುತ್ತಿತ್ತೇ ಎಂದು ನೋಡಬೇಕು.

12 ವೋಲ್ಟಿನ ಚಿಕ್ಕ ಗೂಡ್ಸ್ ಗಾಡಿಯನ್ನೇ ತೆಗೆದುಕೊಳ್ಳಿ. ರಾತ್ರಿ 5 ಆಂಪಿಯರ್‌ನಂತೆ 8 ಗಂಟೆ ಎಳೆದರೆ 40 ಆಂಪಿಯರ್-ಅವರ್ ಖರ್ಚು. ಹಾವೇರಿಯಿಂದ ರಾಣೆಬೆನ್ನೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ಹಳಬರ ಬಾಯಲ್ಲಿ ಅದಿನ್ನೂ ಎನ್‌ಎಚ್ 4) ಅರ್ಧ, ಮುಕ್ಕಾಲು ಗಂಟೆಯ ಓಟ. 20 ಆಂಪಿಯರ್‌ನಂತೆ ತುಂಬಿದರೂ ಅಷ್ಟರಲ್ಲಿ 15ಕ್ಕಿಂತ ಹೆಚ್ಚು ಸೇರದು. ಅದೂ ಕರೆಂಟ್ ಹರಿಯುವ ದಾರಿ ಸರಿ ಇದ್ದರೆ. ಎಂಜಿನ್ ಓಡುವಾಗ ಡೈನಮೋ ಬಳಿ 14.2 ವೋಲ್ಟ್ ತೋರಿಸುವ ಮೀಟರು ಬ್ಯಾಟರಿಯ ಮೇಲೆ 13.2 ತೋರಿಸಿದರೆ ಒಂದು ವೋಲ್ಟ್ ನಡುದಾರಿಯಲ್ಲೇ ಸೋರಿತು. ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನಲ್ಲಿ ಒಂದು ಓಮಿನ ಹತ್ತನೇ ಒಂದು ಪಾಲು ಅಡ್ಡಿ ಇದ್ದರೆ ಸಾಕು, 10 ಆಂಪಿಯರ್‌ಗೆ ಅಷ್ಟು ನಷ್ಟ ಆಗಿಯೇ ಆಗುತ್ತದೆ. ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಡೈನಮೋದ ಮೈಗೆ ಇಟ್ಟರೆ ಈ ಕಳ್ಳ ಸಿಕ್ಕಿಬೀಳುತ್ತಾನೆ. ಅಲ್ಲಿ ಅರ್ಧ ವೋಲ್ಟ್ ಕಂಡರೂ ದೋಷವೇ. ಅದರ ಮದ್ದು ಒಂದು ತುಂಡು ಉಪ್ಪುಕಾಗದ.

ದೊಡ್ಡ ಲಾರಿಗಳ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ 12ರ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಆಗುತ್ತದೆ. ಟೇಪು, ಚಾರ್ಜರು 12ರವು. ಹಾಗಾಗಿ ಒಂದೇ ಬ್ಯಾಟರಿಯಿಂದ ವೈರ್ ಎಳೆದುಬಿಡುತ್ತಾರೆ. ಡೈನಮೋ ನೋಡುವುದು ಎರಡರ ಒಟ್ಟು ಮೊತ್ತವನ್ನು ಮಾತ್ರ. 28 ವೋಲ್ಟ್ ಆಯಿತು ಅಂದರೆ ಅದರ ಕೆಲಸ ಮುಗಿಯಿತು. ಒಂದಕ್ಕೆ 15, ಇನ್ನೊಂದಕ್ಕೆ 13 ಹಂಚಿಕೆಯಾದದ್ದು ಅದಕ್ಕೆ ತಿಳಿಯದು. ಹೆಚ್ಚು ತಿಂದದ್ದರಲ್ಲಿ ನೀರು ಅನಿಲವಾಗಿ ಹಾರಿ, ಡಿಸ್ಟಿಲ್ಡ್ ವಾಟರ್ ಮೇಲಿಂದ ಮೇಲೆ ಸುರಿಯಬೇಕಾಗುತ್ತದೆ. ಕಡಿಮೆ ಸಿಕ್ಕಿದ್ದರಲ್ಲಿ ಸೀಸದ ಸಲ್ಫೇಟ್ ತಟ್ಟೆಗಳ ಮೇಲೆ ಗಟ್ಟಿಕಟ್ಟಿ ಕೂರುತ್ತದೆ. ನೋಡುವವರು ನೀರು ಕುಡಿಯುವುದನ್ನೇ ಬೈಯುತ್ತಾರೆ. ನೀರು ಬೇಡದೆ ಸುಮ್ಮನೆ ಕೂತ ಜೋಡಿಯೇ ಒಳಗೊಳಗೆ ಸೊರಗುತ್ತಿರುತ್ತದೆ.

‘ಹೊಸ ಬ್ಯಾಟರಿ ಹಾಕಿದ ಮೇಲೆ ಗಾಡಿ ಚೆನ್ನಾಗಿ ಓಡಿತಲ್ಲ’ ಎಂಬ ವಾದ ಉಂಟು. ಹೊಸದು ಅಂಗಡಿಯಿಂದಲೇ ತುಂಬಿ ಬಂದಿರುತ್ತದೆ. ಆ ಗಂಟು ಕರಗುವ ತನಕ ದೋಷ ಮರೆಯಾಗಿರುತ್ತದೆ. ‘ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದೆಯಲ್ಲ’ ಎನ್ನುವವರೂ ಇದ್ದಾರೆ. ಡೈನಮೋ ಕರೆಂಟ್ ಹುಟ್ಟಿಸುತ್ತಿದೆ ಎಂಬುದಕ್ಕಷ್ಟೇ ಆ ದೀಪ ಸಾಕ್ಷಿ, ಬ್ಯಾಟರಿಗೆ ಎಷ್ಟು ಮುಟ್ಟಿತು ಎಂಬುದಕ್ಕಲ್ಲ. ಬೆಲ್ಟ್ ಸಡಿಲಾಗಿ ಜಾರುತ್ತಿದ್ದರೂ ದೀಪ ಆರಿರಬಹುದು.

ಮೂರನೆಯ ಆಕ್ಷೇಪಕ್ಕೆ ತೂಕವಿದೆ: ನಮ್ಮ ಏಪ್ರಿಲ್ ಬಿಸಿಲಿಗೆ ಬ್ಯಾಟರಿ ನಿಜವಾಗಿಯೂ ಬೇಗ ಮುಪ್ಪಾಗುತ್ತದೆ. ಒಪ್ಪೋಣ. ಆದರೆ ಅದನ್ನು ತಿಳಿಯಲು ದಾರಿಯಿದೆ. ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿ, ಕೆಲವು ಗಂಟೆ ಬಿಟ್ಟು ಅಳೆದರೆ ಒಳ್ಳೆಯ ಬ್ಯಾಟರಿ 12.6ರ ಆಸುಪಾಸು ನಿಲ್ಲುತ್ತದೆ, 12.2 ಅಂದರೆ ಅರ್ಧ ಖಾಲಿ. ತುಂಬಿದ ಮೇಲೂ ಸೆಲ್ಫ್ ತಿರುಗಿಸುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬದಲಿಸುವುದೇ ಸರಿ. ಲಾರಿಯಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಏಕೆಂದರೆ ಹಳೆಯದರ ಜೊತೆ ಕಟ್ಟಿದ ಹೊಸದು ಮತ್ತದೇ ಹಂಚಿಕೆಯ ಜಗಳಕ್ಕೆ ಬೀಳುತ್ತದೆ. ಟೇಪಿನ ವೈರನ್ನು ಅಂದೇ ಬಿಚ್ಚಿ, 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಮೂಲಕ ಎರಡರಿಂದಲೂ ಎಳೆಯುವುದು ಒಳಿತು.