ಕಾಬಾಳೆಯ ಚಳಿಗಾಲ

ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ಒಂದು ತುಂಡು ಗೆಡ್ಡೆ ಊರಿ ಮರೆತುಬಿಟ್ಟರೂ ನಮ್ಮೂರುಗಳಲ್ಲಿ ಕಾಬಾಳೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಿಂಡಾಗಿ ನಿಲ್ಲುತ್ತದೆ. ಅದೇ ಗಿಡವನ್ನು ಷಿಕಾಗೋ ಕಡೆಯ ಕನ್ನಡಿಗರೊಬ್ಬರು ಹಿತ್ತಲಲ್ಲಿ ಬೆಳೆಸಿದರೆ ವರ್ಷಕ್ಕೊಮ್ಮೆ ಅದಕ್ಕೆ ಬಾಣಂತನ ಮಾಡಬೇಕು. ತಮಾಷೆಯೆಂದರೆ, ಕ್ಯಾನಾ ಇಂಡಿಕಾ ಎಂಬ ಶಾಸ್ತ್ರೀಯ ಹೆಸರಿದ್ದರೂ ಇದರ ತವರು ಅಮೆರಿಕ ಖಂಡವೇ. ಆದರೆ ಅಲ್ಲಿನ ಉಷ್ಣವಲಯ. ಹಿಮ ಬೀಳುವ ಬಡಗಣ ಸೀಮೆಯಲ್ಲ.

ನಾವು ಗೆಡ್ಡೆ ಎನ್ನುವುದು ನಿಜಕ್ಕೂ ಮಣ್ಣೊಳಗೆ ಅಡ್ಡ ಮಲಗಿದ ಕಾಂಡ. ಶುಂಠಿಯದೂ ಹಾಗೆಯೇ, ಶುಂಠಿ, ಬಾಳೆ, ಕಾಬಾಳೆ ಮೂರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ದಾಯಾದಿಗಳು. ಸುವರ್ಣಗೆಡ್ಡೆಯ ಗಿಡ ಕಾಲ ಬಂದಾಗ ತಾನಾಗಿಯೇ ಒಣಗಿ ನಿದ್ದೆಗೆ ಜಾರುತ್ತದೆ. ಕಾಬಾಳೆಗೆ ಆ ಅಭ್ಯಾಸವಿಲ್ಲ. ಬೆಚ್ಚಗಿದ್ದರೆ ವರ್ಷಪೂರ್ತಿ ಹಸಿರಾಗಿಯೇ ಇರುತ್ತದೆ. ಚಳಿನಾಡಿನಲ್ಲಿ ಅದನ್ನು ನಾವು ಒತ್ತಾಯದಿಂದ ಮಲಗಿಸುತ್ತೇವೆ. ಹಾಗಾಗಿಯೇ ಅದರ ನಿದ್ದೆ ತೆಳು: ತೇವ ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಸುಕ್ಕುತ್ತದೆ, ಸೆಕೆಯಾದರೆ ಅವೇಳೆಯಲ್ಲಿ ಮೊಳೆಯುತ್ತದೆ.

ಷಿಕಾಗೋ ಸುತ್ತ ಅಕ್ಟೋಬರಿನ ಯಾವುದೋ ರಾತ್ರಿ ಮೊದಲ ಹಿಮ ಕೂತು, ಬೆಳಗಾಗುವಷ್ಟರಲ್ಲಿ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಗಾಗಿ ಜೋತುಬೀಳುತ್ತವೆ. ನೋಡಿದರೆ ಕರುಳು ಚುರ್ರೆನ್ನುತ್ತದೆ, ಆದರೆ ಗಾಬರಿ ಬೇಡ. ನೆಲದೊಳಗಿನ ಕಾವು ಇನ್ನೂ ಆರಿರುವುದಿಲ್ಲ. ದಂಟನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಬುಡದಿಂದ ಅಡಿಯಷ್ಟು ದೂರದಲ್ಲಿ ಸಲಿಕೆ ಹಾಕಿ ಹಿಂಡನ್ನು ಇಡಿಯಾಗಿ ಎತ್ತಬೇಕು. ಮಣ್ಣು ಕೊಡವಿದರೆ ಸಾಕು. ತಿಕ್ಕಿ ತೊಳೆಯುವವರೂ ಇದ್ದಾರೆ. ಸಿಪ್ಪೆ ತರಚಿದ ಕಡೆಯಲ್ಲೇ ಕೊಳೆ ಹತ್ತುವುದರಿಂದ ನಾನಂತೂ ಆ ಗೋಜಿಗೆ ಹೋಗೆನ್ನುವುದಿಲ್ಲ. ನೆರಳಲ್ಲಿ ನಾಲ್ಕು ದಿನ ಆರಲಿ.

ಆಮೇಲೆ ರಟ್ಟಿನ ಡಬ್ಬ. ಮಲೆನಾಡಿನಲ್ಲಿ ಬಿತ್ತನೆ ಶುಂಠಿಯನ್ನು ಗುಂಡಿಯಲ್ಲಿ ಮರಳೋ ಮರದ ಹೊಟ್ಟೋ ಹಾಸಿ ಕಾಪಿಡುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹೊಟ್ಟು ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಹೂತಿಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ನೀರು ಒಸರಬಾರದು, ಮುಟ್ಟಿದರೆ ತಣ್ಣಗಿರಬೇಕು, ಅಷ್ಟೇ ತೇವ. ಸುತ್ತಲಿನ ಉಷ್ಣಾಂಶ 5ರಿಂದ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಹೀಟರ್ ಬಿಸಿ ತಾಗದ ಬೇಸ್‌ಮೆಂಟ್ ಮೂಲೆ ಇದಕ್ಕೆ ಒಪ್ಪುತ್ತದೆ. ಗ್ಯಾರೇಜಿನಲ್ಲಿ ನೀರು ಹೆಪ್ಪುಗಟ್ಟುವುದಾದರೆ ಅಲ್ಲಿ ಇಡಬಾರದು, ಗೆಡ್ಡೆಯೊಳಗಿನ ನೀರೂ ಹೆಪ್ಪುಗಟ್ಟಿ, ಕರಗಿದಾಗ ಲೋಳೆಯಾಗಿಬಿಡುತ್ತದೆ. ಹಿಂಡನ್ನು ಈಗಲೇ ತುಂಡು ಮಾಡುವ ಆತುರವೂ ಬೇಡ, ದೊಡ್ಡ ಮುದ್ದೆ ಚಿಕ್ಕ ತುಂಡಿಗಿಂತ ನಿಧಾನವಾಗಿ ಒಣಗುತ್ತದೆ. ತಿಂಗಳಿಗೊಮ್ಮೆ ಡಬ್ಬ ತೆರೆದು ನೋಡಿ. ಸುಕ್ಕಿದ್ದರೆ ನಾಲ್ಕು ಹನಿ ಚಿಮುಕಿಸಿ, ಮೆತ್ತಗಾದ ಭಾಗವನ್ನು ಕೊಯ್ದು ಎಸೆಯಿರಿ.

ಏಪ್ರಿಲಿನಲ್ಲಿ ತುಂಡು ಮಾಡುವ ಕೆಲಸ. ಒಂದೊಂದರಲ್ಲೂ ಎರಡು ಮೂರು ಕಣ್ಣು ಉಳಿಯಲಿ. ಬೇಗ ಹೂ ಬೇಕೆನ್ನುವವರು ಒಳಗೇ ಕುಂಡದಲ್ಲಿ ಮೊಳೆಸಿಕೊಳ್ಳಬಹುದು. ಹೊರಗೆ ನೆಡಲು ಮೇ ಮಧ್ಯ ದಾಟಿ, ಮಣ್ಣು 15 ಡಿಗ್ರಿಗಾದರೂ ಬೆಚ್ಚಗಾಗಬೇಕು. ಕಣ್ಣು ಮೇಲ್ಮುಖವಾಗಿ, ಸುಮಾರು 10 ಸೆಂಟಿಮೀಟರ್ ಆಳ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಬಿಸಿಲು, ಗೊಬ್ಬರ, ನೀರು ಧಾರಾಳವಾಗಿರಲಿ. ಕೊಯ್ಯುವ ಚಾಕುವಿನ ಬಗ್ಗೆ ಮಾತ್ರ ಎಚ್ಚರ, ರೋಗ ಅದರಿಂದಲೂ ಹರಡೀತು. ಎಲೆಯಲ್ಲಿ ಹಳದಿ ಗೀರು, ಮಚ್ಚೆ ಹರಡಿಕೊಂಡಿದ್ದ ಗಿಡಕ್ಕೆ ವೈರಸ್ ತಗುಲಿರಬಹುದು, ಅದಕ್ಕೆ ಔಷಧವಿಲ್ಲ. ಅಂಥದ್ದನ್ನು ಚಳಿಗಾಲವಿಡೀ ಜೋಪಾನ ಮಾಡಿ ಮುಂದಿನ ವರ್ಷ ನೆರೆಮನೆಗೆ ಹಂಚುವುದಕ್ಕಿಂತ ಅಗೆದಾಗಲೇ ಬಿಸಾಡುವುದು ಮೇಲು.

ಬೆಂಗಳೂರಿನವರಿಗೆ ಡಬ್ಬ, ಹೊಟ್ಟು ಯಾವುದೂ ಬೇಡ. ಎರಡು ಮೂರು ವರ್ಷಕ್ಕೊಮ್ಮೆ, ಹಿಂಡಿನ ನಡುಭಾಗ ಒತ್ತಾಗಿ ಹೂ ಸಣ್ಣದಾದಾಗ, ಅಗೆದು ಬಿಡಿಸಿ ನೆಟ್ಟರಾಯಿತು.

ಚಳಿನಾಡಿನಲ್ಲಿ ಡಬ್ಬ ಇಡಲು ಜಾಗವಿಲ್ಲದ ಅಪಾರ್ಟ್‌ಮೆಂಟಿನವರಿಗೆ ಬೀಜವೇ ಗತಿ. ಬಂದೂಕಿನ ಚರೆಯಂಥ ಕರಿ ಗುಂಡು ಅದು. ಅರ್ಜೆಂಟೀನಾದ ಹಳೆಯ ಸಮಾಧಿಯೊಂದರಲ್ಲಿ ಸಿಕ್ಕ ಗಿಲಕಿಯೊಳಗಿದ್ದ ಕ್ಯಾನಾ ಬೀಜ ಸುಮಾರು 600 ವರ್ಷ ಹಳೆಯದಾಗಿದ್ದರೂ ಮೊಳೆತಿತ್ತು. ಸಿಪ್ಪೆ ಅಷ್ಟು ಗಟ್ಟಿಯಾದ್ದರಿಂದ ನೀರು ಒಳಗಿಳಿಯುವುದಿಲ್ಲ. ಒಳಗಿನ ಬಿಳಿ ಕಾಣುವವರೆಗೆ ಒಂದು ಬದಿಯನ್ನು ಅರದಿಂದ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಸಿ ಬಿತ್ತಬೇಕು. ಮಿಶ್ರತಳಿಯ ಬೀಜವಾದರೆ ಹೂವಿನ ಬಣ್ಣ ತಾಯಿಯದೇ ಬರುತ್ತದೆಂಬ ಭರವಸೆಯಿಲ್ಲ.