ಹಿತ್ತಾಳೆಯ ಮಳೆಗಾಲದ ಬಿರುಕು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ತೋಟಗಳಲ್ಲಿ ಮಳೆಗಾಲವೆಂದರೆ ಕೊಳೆರೋಗಕ್ಕೆ ಮದ್ದು ಬಿಡುವ ಕಾಲ. ಮದ್ದು ಚಿಮ್ಮಿಸುವ ಪಂಪಿನ ಹಿತ್ತಾಳೆಯ ಬಿಡಿಭಾಗಗಳನ್ನು ಕೆಲಸ ಮುಗಿದ ಮೇಲೆ ದನದ ಹಟ್ಟಿಯ ಮೂಲೆಯಲ್ಲಿಟ್ಟರೆ ಏನಾದೀತು? ಯಾರೂ ಬಡಿಯದ, ಎಲ್ಲಿಂದಲೂ ಬೀಳದ ತಿರುಪೊಂದು ತಾನಾಗಿಯೇ ಸೀಳಬಹುದು. ತುಕ್ಕೆನ್ನೋಣವೆಂದರೆ ಹಿತ್ತಾಳೆಗೆ ಕಬ್ಬಿಣದ ತುಕ್ಕು ಹಿಡಿಯದು. ಮರದ ತುದಿಯಲ್ಲಿ ಕುಳಿತವನ ಕೈಯಲ್ಲಿ ಇಂತಹ ತಿರುಪು ಬಿಟ್ಟುಹೋದರೆ ಅದು ವಿನೋದದ ಮಾತಲ್ಲ.

ಈ ವಿಚಿತ್ರವು ಲೋಹವಿಜ್ಞಾನದ ಗ್ರಂಥಗಳನ್ನು ಸೇರಿದ್ದು ನಮ್ಮ ದೇಶದ ಮಳೆಗಾಲದ ದೆಸೆಯಿಂದ. ಬ್ರಿಟಿಷರ ಕಾಲದಲ್ಲಿ ಕುದುರೆಲಾಯಗಳಲ್ಲಿ ಕೂಡಿಟ್ಟ ಸೈನ್ಯದ ತೋಟಾಗಳ ಹಿತ್ತಾಳೆ ಕವಚಗಳು ಮಳೆ ಹಿಡಿದೊಡನೆ ಬಿರಿಯುತ್ತಿದ್ದವು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವುಳ್ಳ ಮಿಶ್ರಲೋಹವದು. ಆಂಗ್ಲರು ಇದನ್ನು 'ಸೀಸನ್ ಕ್ರ್ಯಾಕಿಂಗ್' ಎಂದು ಕರೆದರು. ಋತುವಿನ ಮೇಲೆ ಹೊರಿಸಿದ ಈ ಅಪವಾದವು ಪೂರ್ತಿ ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ವಿಜ್ಞಾನಿಗಳು 1921ರಲ್ಲಿ ನಿಜವಾದ ಅಪರಾಧಿಯನ್ನು ತೋರಿಸಿಕೊಟ್ಟರು: ಕುದುರೆಗಳ ಮೂತ್ರದಿಂದೇಳುವ ಅಮೋನಿಯ ಅನಿಲ. ಹಟ್ಟಿಯ ಗಂಜಲದಿಂದೇಳುವುದೂ ಇದೇ ಅನಿಲ.

ಆದರೆ ಅಮೋನಿಯ ಒಂದರಿಂದಲೇ ಈ ಕೃತ್ಯ ಸಾಗದು. ತಣ್ಣಗಿರುವಾಗಲೇ ಎಳೆದು, ಒತ್ತಿ ರೂಪಿಸಿದ ಹಿತ್ತಾಳೆಯೊಳಗೆ ಒಂದು ಬಿಗಿತ ಅಡಗಿ ಉಳಿದಿರುತ್ತದೆ. ಲೋಹವಾದರೋ ಅಸಂಖ್ಯ ಸೂಕ್ಷ್ಮ ಹರಳುಗಳ ಜೋಡಣೆ. ಮುರಕಲ್ಲಿನ ಗೋಡೆಯನ್ನು ನೆನೆದುಕೊಳ್ಳಿರಿ. ಗಾಳಿಯ ತೇವವು ಲೋಹದ ಮೇಲೆ ತೆಳುವಾದ ನೀರಿನ ಪೊರೆಯನ್ನು ಕಟ್ಟುತ್ತದೆ. ಅದರಲ್ಲಿ ಕರಗಿದ ಅಮೋನಿಯವು ಆಮ್ಲಜನಕದ ನೆರವಿನಿಂದ ತಾಮ್ರವನ್ನು ಕರಗಿಸುತ್ತ, ಕಲ್ಲುಗಳ ನಡುವಣ ಗಾರೆಯನ್ನು ಕೆದಕಿದಂತೆ ಹರಳುಗಳ ಸಂದುಗಳನ್ನು ಹಿಡಿದು ಒಳಸೇರುತ್ತದೆ. ಒಳಗಿನ ಬಿಗಿತವು ಆ ಸಂದನ್ನು ಅಗಲಿಸುತ್ತದೆ. ಹೊಸ ಲೋಹ ತೆರೆದುಕೊಳ್ಳುತ್ತದೆ. ಬಿರುಕು ಮುಂದೆ ಸಾಗುತ್ತದೆ. ಸಿದ್ಧವಾದ ಭಾಗವನ್ನು ಸುಮಾರು 250 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆಯಷ್ಟು ಕಾಯಿಸಿದರೆ ಗಡಸುತನ ಹೆಚ್ಚು ತಗ್ಗದೆ ಬಿಗಿತ ಸಡಿಲುತ್ತದೆ.

ಬಿಗಿತ ಉಳಿದಿದೆಯೇ ಎಂಬುದನ್ನು ಪರೀಕ್ಷಿಸಲು ಹಿತ್ತಾಳೆಯನ್ನು ಪಾದರಸದ ಲವಣದ ದ್ರಾವಣದಲ್ಲಿ ಅದ್ದುವ ಕ್ರಮವುಂಟು. ಲೋಹದ ಮೇಲೆ ಕೂಡುವ ದ್ರವ ಪಾದರಸವು ಹರಳುಗಳ ಸಂದುಗಳಲ್ಲಿ ಪರಮಾಣುಗಳ ಹಿಡಿತವನ್ನೇ ಕುಂದಿಸುವುದರಿಂದ, ದೋಷವುಳ್ಳ ತುಂಡು ನಿಮಿಷಗಳಲ್ಲಿ ಬಿರಿಯುತ್ತದೆ. ಇದು ದ್ರವಲೋಹದ ಭಂಗುರತೆ. ಅಲ್ಯೂಮಿನಿಯಮ್ಮನ್ನು ಗ್ಯಾಲಿಯಮ್ ಹೀಗೆಯೇ ಪುಡಿಪುಡಿಯಾಗಿಸಬಲ್ಲದು. ಪಾದರಸವು ವಿಷ, ವಿದ್ಯಾರ್ಥಿಗಳು ಮನೆಯಲ್ಲಿ ಈ ಪ್ರಯೋಗಕ್ಕೆ ಕೈಹಾಕಬಾರದು.

ಈ ಸೀಮೆಯ ರಬ್ಬರ್ ಬೆಳೆಗಾರರಿಗೂ ಇದರಲ್ಲಿ ಪಾಲುಂಟು. ರಬ್ಬರ್ ಹಾಲು ಹೆಪ್ಪುಗಟ್ಟದಂತೆ ಕಾಯ್ದಿಡಲು ಬೆರೆಸುವುದು ಅಮೋನಿಯವನ್ನೇ. ಅಂತಹ ಹಾಲಿನ ಡ್ರಮ್ಮಿಗೆ ಹಿತ್ತಾಳೆಯ ನಲ್ಲಿಯನ್ನು ಕೂಡಿಸದೆ ಉಕ್ಕಿನದನ್ನೋ, ತಕ್ಕ ಪ್ಲಾಸ್ಟಿಕ್ಕಿನದನ್ನೋ ಕೂಡಿಸಬೇಕು.